ಆಯಿ ಹೊರಗೆ ಕೂತ ಭಾನುವಾರಗಳು

ಹೋದ ವಾರ ಕರಿ ಒಣದ್ರಾಕ್ಷಿಯನ್ನು ಕುದಿಯಲಿಟ್ಟು ಮರೆತುಬಿಟ್ಟೆ. ಮೊಮ್ಮಗಳಿಗೆ ಹೊಟ್ಟೆ ಸರಿಯಿರಲಿಲ್ಲ, ದ್ರಾಕ್ಷಿ ಕುದಿಸಿದ ನೀರು ಕೊಡಿ ಎಂದು ಯಾರೋ ಹೇಳಿದ್ದರು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ವಾಸನೆ ಬಂತು. ಮೊದಲು ಸಿಹಿ, ಅದರ ಹಿಂದೆ ಸ್ವಲ್ಪ ಹುಳಿ, ಆಮೇಲೆ ತಳ ಹತ್ತಿದ ಕಮಟು. ಗ್ಯಾಸ್ ಆರಿಸಲೆಂದು ಒಳಗೆ ಓಡಿದವಳು ಆರಿಸಿ, ಪಾತ್ರೆಯ ಮುಂದೆ ಹಾಗೇ ನಿಂತೆ. ಶನಿವಾರದ ಮಧ್ಯಾಹ್ನಗಳಲ್ಲಿ ಆಯಿಯ ಖೋಲಿಯಿಂದ ಬರುತ್ತಿದ್ದುದು ಇದೇ ವಾಸನೆ...

ನಾನು ಬೆಟಗೇರಿಯಿಂದ ರಾಣೆಬೆನ್ನೂರಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಗಂಡ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಮಾವನವರು ಹೆಡ್‌ಮಾಸ್ತರರಾಗಿ ನಿವೃತ್ತರಾಗಿದ್ದರು, ನಮ್ಮ ಕ್ರೈಸ್ತ ಸಭೆಯ ಹಿರಿಯರಲ್ಲಿ ಒಬ್ಬರು. ಊರಿನಲ್ಲಿ ಎಲ್ಲರೂ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ನಮ್ಮ ದೇವಾಲಯ ಚಿಕ್ಕದು. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಎರಡನೆಯ ಸಲ ಗಂಟೆ ಬಾರಿಸಿದ ಮೇಲೂ ಕರ್ಜಗಿ ಕಡೆಯ ಬಸ್ಸಿನಿಂದ ಇಳಿದವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಲೇ ಇರುತ್ತಿದ್ದರು. ಆರಾಧನೆ ಮುಗಿದರೆ ಯಾರೂ ಲಗುಬಗೆಯಿಂದ ಮನೆಗೆ ಹೋಗುತ್ತಿರಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ನಿಂತು ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಏನು ದರ ಬಂತು, ಯಾರ ಮಗಳಿಗೆ ಎಲ್ಲಿಯ ವರ ನೋಡಿದ್ದಾರೆ, ಎಲ್ಲ ಮಾತಾಡಿ ಮುಗಿಸಿಯೇ ಹೊರಡುವುದು.

ಆ ಅಂಗಳದ ಮೂಲೆಯ ಒಂದು ಖೋಲಿಯಲ್ಲಿ ಆಯಿ ಇದ್ದಳು. ನನ್ನ ಬಳಗದವಳಲ್ಲ, ಅಲ್ಲಿದ್ದ ಯಾರ ಬಳಗದವಳೂ ಅಲ್ಲ. ಆದರೆ ಅರವತ್ತು ದಾಟಿದ ಆಕೆಯನ್ನು ಇಡೀ ಸಭೆ ಆಯಿ ಎನ್ನುತ್ತಿತ್ತು. ಮೊದಲು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ದೇವಾಲಯದ ಕಸ ಗುಡಿಸುವುದು, ಬೆಂಚು ಒರೆಸುವುದು, ಮತ್ತು ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡುವುದು ಆಕೆಯ ಕೆಲಸ. ಶನಿವಾರವೇ ಒಣದ್ರಾಕ್ಷಿ ನೆನೆಹಾಕಿ, ಒಂದೇ ಒಂದು ಲವಂಗ ಹಾಕಿ ಕುದಿಸಿ, ತೆಳುವಾದ ಬಿಳಿ ಬಟ್ಟೆಯಲ್ಲಿ ಹಿಂಡಿ ಇಡುತ್ತಿದ್ದಳು. ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಕಪ್ಪುಗಳು, ಅವನ್ನು ಇಡಲು ತೂತು ಕೊರೆದ ಮರದ ತಟ್ಟೆ. ಭಾನುವಾರ ಬೆಳಿಗ್ಗೆ ಆ ಕಪ್ಪುಗಳಿಗೆ ಒಂದು ಹನಿಯೂ ಚೆಲ್ಲದಂತೆ ರಸ ಸುರಿಯುತ್ತಿದ್ದಳು.

ನಾನು ಬಂದ ಎರಡನೆಯ ತಿಂಗಳಿಗೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಭೆಯ ಪಾದ್ರಿ ಅಯ್ಯನವರು ಪ್ರಸಂಗ ಮುಗಿಸಿ, ರೊಟ್ಟಿ ಮತ್ತು ರಸದ ಮೇಲಿನ ಬಿಳಿ ಬಟ್ಟೆ ತೆಗೆಯುವ ಹೊತ್ತಿಗೆ ಆಯಿ ಕೊನೆಯ ಬೆಂಚಿನಿಂದ ಎದ್ದು, ಸೆರಗು ಹೊದ್ದು, ಹೊರಗೆ ಹೋಗಿಬಿಟ್ಟಳು. ಕಿಟಕಿಯಿಂದ ಕಂಡಿತು: ಬೇವಿನ ಬುಡದ ಕಲ್ಲಿನ ಮೇಲೆ ಕೂತಿದ್ದಾಳೆ. ಎಲ್ಲರೂ ಕುಡಿದು ಮುಗಿದ ಮೇಲೆ ಒಳಗೆ ಬಂದು ಕಪ್ಪುಗಳನ್ನು ಒಟ್ಟುಮಾಡಿಕೊಂಡಳು. ಮುಂದಿನ ತಿಂಗಳೂ ಹಾಗೇ, ಅದರ ಮುಂದಿನ ತಿಂಗಳೂ ಹಾಗೇ. ರಸ ಮಾಡುವವಳು ರಸ ಮುಟ್ಟುವುದಿಲ್ಲ.

ನನ್ನ ಸ್ವಭಾವವೇ ಅಂಥದ್ದು, ಏನಾದರೂ ತಿಳಿಯದಿದ್ದರೆ ಊಟ ರುಚಿಸುವುದಿಲ್ಲ. ಅತ್ತೆಯನ್ನು ಕೇಳಿದೆ. "ಏನರ ಪಾಪ ಮಾಡಿರಬೇಕು ಬಿಡು, ನಮಗ್ಯಾಕ" ಎಂದರು. ಹಾರ್ಮೋನಿಯಂ ಬಾರಿಸುವವರ ಹೆಂಡತಿ ಆಕೆಗೆ ಹುಳಿ ಆಗುವುದಿಲ್ಲ ಎಂದಳು. ಕರ್ಜಗಿಯಿಂದ ಬರುತ್ತಿದ್ದ ಒಬ್ಬ ಹೆಂಗಸು, ಆಕೆಗೆ ದೀಕ್ಷಾಸ್ನಾನವೇ ಆಗಿಲ್ಲ ಎಂದು ಕಿವಿಯಲ್ಲಿ ಹೇಳಿದಳು. ಯಾವುದೂ ನನಗೆ ಸರಿಹೋಗಲಿಲ್ಲ. ಕೊನೆಗೆ ಕಪ್ಪು ತೊಳೆಯಲು ಆಯಿಯ ಜೊತೆ ಕೂತೆ. ನೆರವಾಗಲು ಕೂತೆ ಎಂದು ಎಲ್ಲರೂ ಹೊಗಳಿದರು... ನಾನು ಕೂತದ್ದು ವಿಷಯ ತಿಳಿಯಲು.

ಆಯಿ ನೀರನ್ನು ಕೈ ಸುಡುವಷ್ಟು ಕಾಯಿಸುತ್ತಿದ್ದಳು. ಒಂದೊಂದು ಕಪ್ಪನ್ನೂ ಮೂರು ಸಲ ಅದ್ದಿ, ಬಿಸಿಲಿಗೆ ಹಿಡಿದು ನೋಡಿ, ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ನಾನು ಎರಡೇ ಸಲ ಅದ್ದಿದರೆ ಮಾತಿಲ್ಲದೆ ತೆಗೆದು ಮತ್ತೆ ಅದ್ದುತ್ತಿದ್ದಳು. ನಾಲ್ಕೈದು ತಿಂಗಳು ಹೀಗೆ ಕಳೆದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ.

"ಆಯಿ, ಎಲ್ಲಾರಿಗೂ ಮಾಡಿ ಕೊಡ್ತೀರಿ. ನೀವ್ಯಾಕ ತಗೊಳ್ಳಂಗಿಲ್ಲ?"

ಆಕೆಗೆ ಸಿಟ್ಟು ಬರಲಿಲ್ಲ. "ಮನಸ್ಸಿನ್ಯಾಗ ಯಾರ ಮ್ಯಾಲರ ಸಿಟ್ಟಿದ್ರ ಮದಲ ಅದನ್ನ ತಗದು ಬರ್ರಿ ಅಂತ ಅಯ್ಯನೋರು ಪ್ರತೀ ಸಲ ಹೇಳ್ತಾರಲ್ಲ, ಕೇಳೀದಿಲ್ಲೋ? ನನಗ ಒಬ್ರ ಮ್ಯಾಲೆ ಸಿಟ್ಟೈತಿ. ಭಾಳ ವರ್ಷಾತು. ಹೋಗವಲ್ದು. ಹೋಗೇತಿ ಅಂತ ದೇವರ ಮುಂದ ಸುಳ್ಳ ಹೆಂಗ ಹೇಳ್ಲಿ?"

"ಯಾರ ಮ್ಯಾಲೆ, ಆಯಿ?"

"ಬ್ಯಾಡ ತಂಗಿ. ಕೇಳಿದ್ರ ನಿನಗ ಚೊಲೊ ಅನಸಂಗಿಲ್ಲ."

ಹಾಗೆಂದ ಮೇಲೆ ಬಿಡುವುದುಂಟೇ. ಆ ದಿನವಲ್ಲದಿದ್ದರೂ ಮುಂದಿನ ತಿಂಗಳು ಹೇಳಿದಳು. ಆಕೆಯ ಗಂಡ ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಕ್ಷಯ ಬಂದು ದೂರದ ಆಸ್ಪತ್ರೆಯಲ್ಲಿ ವರ್ಷದ ಮೇಲಿದ್ದು ಗುಣವಾಗಿ ಬಂದಿದ್ದ. ಇವನಿಂದ ಯಾರಿಗೂ ಭಯವಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಆ ಕಾಲದಲ್ಲಿ ಈ ಚಿಕ್ಕ ಕಪ್ಪುಗಳು ಇರಲಿಲ್ಲ, ಎಲ್ಲರಿಗೂ ಒಂದೇ ಬಟ್ಟಲು, ಒಬ್ಬರು ಕುಡಿದ ಮೇಲೆ ಇನ್ನೊಬ್ಬರು. ಊರಿಗೆ ಬಂದ ಮೇಲಿನ ಮೊದಲ ಕರ್ತನ ಭೋಜನಕ್ಕೆ ಆತ ಹೊಸ ಅಂಗಿ ಹಾಕಿಕೊಂಡು ಹೋಗಿ, ಸಾಲಿನ ನಡುವೆ ನಿಂತು, ಕುಡಿದ. ಆಗ ಸಭೆಯ ಹಿರಿಯರೊಬ್ಬರು ಮುಂದೆ ಬಂದು ಅಯ್ಯನವರ ಕೈಯಿಂದ ಬಟ್ಟಲನ್ನು ತೆಗೆದುಕೊಂಡು ಹೊರಗೆ ನಡೆದರು. ಉಳಿದಿದ್ದ ರಸವನ್ನು ಬೇವಿನ ಬುಡಕ್ಕೆ ಚೆಲ್ಲಿ, ಬಟ್ಟಲನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ತಂದುಕೊಟ್ಟರು. ಆಮೇಲೆ ಹೊಸದಾಗಿ ರಸ ಸುರಿದು ಉಳಿದವರಿಗೆ ಕೊಟ್ಟರಂತೆ. ಅಷ್ಟು ಹೊತ್ತೂ ಆತ ಸಾಲಿನಲ್ಲೇ ನಿಂತಿದ್ದ.

"ಅವತ್ತಿಂದ ಅಂವ ಒಳಗ ಕಾಲಿಡಲಿಲ್ಲ. ಪ್ರತೀ ಐತಾರ ನನ್ನ ಗೇಟಿನ ತನಾ ಬಿಟ್ಟು, ಅಲ್ಲೇ ಚಾದ ಅಂಗಡ್ಯಾಗ ಕುಂದ್ರತಿದ್ದ. ಮುಗಿದ ಮ್ಯಾಲೆ ಕರಕೊಂಡ ಹೋಗತಿದ್ದ. ಆಮ್ಯಾಲೆ ಹನ್ನೆರಡ ವರ್ಷ ಬದುಕಿದ್ದ ತಂಗಿ. ಒಂದ ಸಲಾನೂ ಕೆಮ್ಮಲಿಲ್ಲ."

ಆ ಹಿರಿಯರು ಯಾರೆಂದು ಆಕೆ ಹೇಳಲಿಲ್ಲ. ನನಗೆ ಕೇಳುವ ಅಗತ್ಯ ಬೀಳಲಿಲ್ಲ. ಈ ಗಾಜಿನ ಕಪ್ಪುಗಳನ್ನು ಸಭೆಗೆ ತರಿಸಿದ್ದು ತಾವೇ ಎಂದು ಮಾವನವರು ಹೆಮ್ಮೆಯಿಂದ ಎಷ್ಟೋ ಸಲ ಹೇಳಿದ್ದರು.

"ಹಂಗಿದ್ರೂ ಈ ಕೆಲಸ ಯಾಕ ಮಾಡ್ತೀರಿ ಆಯಿ?" ಎಂದೆ.

"ರಸ ಕರ್ತಂದು. ಮಾಸ್ತರದ್ದಲ್ಲ" ಎಂದಳು.

ಅದಾದ ಮೇಲೆ ಮಾವನವರನ್ನು ನೋಡುವ ನನ್ನ ಕಣ್ಣು ಬದಲಾಯಿತು. ಅವರು ಕೆಟ್ಟವರಾಗಿರಲಿಲ್ಲ, ಅದೇ ನನ್ನ ತೊಡಕು. ಬಡವರ ಮಕ್ಕಳಿಗೆ ಮನೆಯ ಕಟ್ಟೆಯ ಮೇಲೆ ಗಣಿತ ಹೇಳಿಕೊಡುತ್ತಿದ್ದರು. ಹೊಸ ಸೊಸೆಗೆ ಬೇಸರವಾಗಬಾರದೆಂದು ಪೇಪರನ್ನು ಮೊದಲು ನನಗೆ ಓದಲು ಕೊಟ್ಟು ಆಮೇಲೆ ತಾವು ಓದುತ್ತಿದ್ದರು. ಅಂಥವರು ಬೂದಿ ಹಚ್ಚಿ ತಿಕ್ಕುತ್ತಿರುವಾಗ ಅವರ ಮುಖ ಹೇಗಿದ್ದಿರಬಹುದು ಎಂದು ಯೋಚಿಸುತ್ತಿದ್ದೆ. ಮೂರು ವಾರ ತಡೆದುಕೊಂಡೆ. ನಾಲ್ಕನೆಯ ವಾರ, ಅತ್ತೆ ಸಂತೆಗೆ ಹೋದಾಗ, ಕೇಳಿದೆ. ನ್ಯಾಯಕ್ಕಾಗಿ ಕೇಳಿದೆ ಎಂದರೆ ಸುಳ್ಳಾದೀತು. ಏನು ಹೇಳುತ್ತಾರೋ ನೋಡೋಣ ಎಂಬ ಕುತೂಹಲವೇ ಹೆಚ್ಚಿತ್ತು.

ಮಾವನವರು ಕನ್ನಡಕ ತೆಗೆದು ಕೆಳಗಿಟ್ಟರು. "ಹೌದು. ಸಣ್ಣ ಸಣ್ಣ ಹುಡುಗೂರು ಇದ್ವು ಮನ್ಯಾಗ, ನಿನ್ನ ಗಂಡಗ ಆಗ ಐದಾರ ವರ್ಷ. ಜನಾ ಹೆದರಿದ್ರು. ಯಾರರ ಒಬ್ರು ಮಾಡಬೇಕಾಗಿತ್ತು, ನಾ ಮಾಡಿದೆ" ಎಂದರು. ಕನ್ನಡಕ ಮತ್ತೆ ಏರಿಸಿಕೊಂಡು, "ಅಂವ ಆಮ್ಯಾಲೆ ಬರೋದು ಬಿಟ್ಟಾ. ದೇವರ ಮ್ಯಾಲೆ ಭಕ್ತಿ ಕಡಿಮಿ ಆತು ಅಂದ್ಕೊಂಡಿದ್ದೆ" ಎಂದರು.

ಹನ್ನೆರಡು ವರ್ಷ ಗೇಟಿನ ತನಕ ಬರುತ್ತಿದ್ದನಂತೆ ಎಂದೆ. ಆ ಸಂಜೆ ಮಕ್ಕಳು ಗಣಿತಕ್ಕೆ ಬಂದರೆ, ಇವತ್ತು ಬೇಡ, ನಾಳೆ ಬರ್ರಿ ಎಂದು ಕಳಿಸಿಬಿಟ್ಟರು.

ಮುಂದಿನ ಮೊದಲ ಭಾನುವಾರ ಆಯಿ ಎದ್ದು ಹೊರಗೆ ಹೋದಳು. ಮುಂದಿನ ಬೆಂಚಿನಿಂದ ಮಾವನವರೂ ಎದ್ದರು. ಇಡೀ ಸಭೆಯ ನಡುವೆ ಹಿಂದಕ್ಕೆ ನಡೆದು, ಬಾಗಿಲು ದಾಟಿದರು. ಹಾರ್ಮೋನಿಯಂ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಕಿಟಕಿಯಿಂದ ನೋಡಿದೆ. ಆಯಿ ಕಲ್ಲಿನ ಮೇಲೆ, ಮಾವನವರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಾರೆ. ಆಯಿ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡಿದ್ದಳು.

ಮನೆಗೆ ಬಂದ ಮೇಲೆ ಅತ್ತೆ ಅತ್ತರು. "ಸಭಾದ ಮುಂದ ಮರ್ಯಾದಿ ಕಳದ್ರಿ. ಮಂದಿ ಏನ ಅಂದ್ಕೊಂಡಿರಬೇಕು" ಎಂದರು.

"ಅಕಿ ಗಂಡನ ಮರ್ಯಾದಿನೂ ಸಭಾದ ಮುಂದ ಹೋಗಿತ್ತು" ಎಂದರು ಮಾವನವರು.

ಆಯಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು. ಕಪ್ಪು ತೊಳೆಯಲು ಹೋದರೆ ಬಾಗಿಲಲ್ಲೇ ನಿಲ್ಲಿಸಿದಳು. "ನಿನ್ನ ಮುಂದ ಬಾಯಿ ಬಿಟ್ಟಿದ್ದು ನನ್ನ ತಪ್ಪು. ಹೋಗು" ಎಂದಳು. ಎರಡು ತಿಂಗಳು ಆ ಖೋಲಿಯೊಳಗೆ ನನ್ನನ್ನು ಬಿಟ್ಟುಕೊಳ್ಳಲಿಲ್ಲ. ಸಭೆಯಲ್ಲೂ ಗುಸುಗುಸು ಎದ್ದಿತು. ಮಾವನವರು ಯಾರಿಗೂ ಕಾರಣ ಹೇಳಲಿಲ್ಲ, ಅಯ್ಯನವರಿಗೂ ಹೇಳಲಿಲ್ಲ. ಪ್ರತಿ ತಿಂಗಳೂ ಎದ್ದು ಹೋಗಿ ಅಲ್ಲೇ ನಿಲ್ಲುವುದು. ಮೂರನೆಯ ತಿಂಗಳು ಎಂದು ಕಾಣುತ್ತದೆ, ಆಯಿ ರಸ್ತೆಯನ್ನೇ ನೋಡುತ್ತಾ ಒಂದು ಮಾತು ಹೇಳಿದ್ದು ನನಗೆ ಕಿಟಕಿಯಿಂದ ಕೇಳಿಸಿತು. "ಬಿಸಲಾಗ ನಿಂತೀರಿ. ಈ ಕಡೆ ನೆಳ್ಳಿಗೆ ಬರ್ರಿ." ಅಷ್ಟೇ. ಮಾವನವರು ನೆರಳಿಗೆ ಬಂದರು, ಕೂರಲಿಲ್ಲ.

ಅಷ್ಟರಲ್ಲಿ ನನಗೆ ತಿಂಗಳು ತುಂಬುತ್ತಾ ಬಂತು. ತವರಿನವರು ಬಂದು ಬೆಟಗೇರಿಗೆ ಕರೆದುಕೊಂಡು ಹೋದರು. ಹೆರಿಗೆ, ಬಾಣಂತನ, ಕೂಸಿಗೆ ಜ್ವರ ಎಂದು ಆರು ತಿಂಗಳು ಅಲ್ಲೇ ಕಳೆಯಿತು. ಗಂಡ ಬಂದಾಗಲೆಲ್ಲ ಕೇಳುತ್ತಿದ್ದೆ, ಮಾವಾರು ಇನ್ನೂ ಹೊರಗ ಹೋಗ್ತಾರೇನು ಎಂದು. ಅವರಿಗೆ ಇಂಥದ್ದರಲ್ಲಿ ಆಸಕ್ತಿಯಿಲ್ಲ. "ನಾ ಲಕ್ಷ್ಯ ಕೊಟ್ಟಿಲ್ಲ" ಎನ್ನುತ್ತಿದ್ದರು.

ಕೂಸನ್ನು ಎತ್ತಿಕೊಂಡು ಮೊದಲ ಸಲ ದೇವಾಲಯಕ್ಕೆ ಹೋದ ದಿನ ಮೊದಲ ಭಾನುವಾರವೇ ಆಗಿತ್ತು. ಅಯ್ಯನವರು ಬಿಳಿ ಬಟ್ಟೆ ತೆಗೆದರು. ನಾನು ತಿರುಗಿ ಕೊನೆಯ ಬೆಂಚು ನೋಡಿದೆ. ಆಯಿ ಎದ್ದಳು. ಆದರೆ ಬಾಗಿಲ ಕಡೆಗೆ ಹೋಗಲಿಲ್ಲ, ಮುಂದಕ್ಕೆ ಬಂದಳು. ಉಳಿದ ಹೆಂಗಸರ ಜೊತೆ ಸಾಲಿನಲ್ಲಿ ಮೊಣಕಾಲೂರಿ, ತಾನೇ ತುಂಬಿಟ್ಟಿದ್ದ ಕಪ್ಪನ್ನು ತೆಗೆದುಕೊಂಡು ಕುಡಿದಳು. ಆಚೆ ಗಂಡಸರ ಸಾಲಿನಲ್ಲಿ ಮಾವನವರು. ಸುತ್ತ ಯಾರೂ ಅದನ್ನು ವಿಶೇಷವಾಗಿ ನೋಡುತ್ತಲೂ ಇರಲಿಲ್ಲ. ಅವರಿಗೆಲ್ಲ ಅದು ಹಳೆಯದಾಗಿತ್ತು. ಬಾಯಿ ತೆರೆದು ನಿಂತವಳು ನಾನೊಬ್ಬಳೇ. ಮಗ ಅಳಲು ಶುರುಮಾಡಿದ್ದೂ ತಡವಾಗಿ ತಿಳಿಯಿತು.

ಆಮೇಲೆ ನನ್ನ ತನಿಖೆ ನಡೆಯಿತು. ಅತ್ತೆ ಹೇಳಿದರು: "ಒಂದಿನ ಇಬ್ರೂ ಕೂಡೇ ಒಳಗ ಬಂದ್ರು. ಅಷ್ಟ." ಕರ್ಜಗಿಯ ಹೆಂಗಸು, ಮಾಸ್ತರು ಆಯಿಯ ಕಾಲು ಮುಟ್ಟಿದ್ದನ್ನು ಕಣ್ಣಾರೆ ಕಂಡೆ ಎಂದಳು. ಹಾರ್ಮೋನಿಯಂನವರ ಹೆಂಡತಿ, ಅದೆಲ್ಲ ಬರೀ ಮಾತು, ಅವತ್ತು ಮಳೆ ಬಂತು, ಅದಕ್ಕೇ ಇಬ್ಬರೂ ಒಳಗೆ ಓಡಿಬಂದರು ಎಂದಳು. ಅಯ್ಯನವರಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು, ಹೊಸಬರಿಗೆ ಏನೂ ಗೊತ್ತಿರಲಿಲ್ಲ. ಮಾವನವರನ್ನೇ ಕೇಳಿದೆ. ಅವರು ಕೂಸನ್ನು ತೊಡೆಯ ಮೇಲೆ ಆಡಿಸುತ್ತಾ ನಕ್ಕರು. "ಎಲ್ಲಾ ನಿನಗ ಗೊತ್ತಾಗಬೇಕೇನವ್ವಾ?" ಎಂದರು.

ಉಳಿದವಳು ಆಯಿ. ಆಗ ಮತ್ತೆ ನನ್ನನ್ನು ಖೋಲಿಯೊಳಗೆ ಬಿಟ್ಟುಕೊಂಡಿದ್ದಳು. ಕೂಸನ್ನು ಕೌದಿಯ ಮೇಲೆ ಮಲಗಿಸಿ ಬಿಸಿನೀರಿನ ಮುಂದೆ ಕೂತು, ಸಿಟ್ಟು ಹೆಂಗ ಹೋತು ಆಯಿ, ಏನ ಅಂದ್ರು ಅವರು ಎಂದೆ. ಆಕೆ ನನ್ನ ಕೈಯಲ್ಲಿದ್ದ ಕಪ್ಪನ್ನು ಇಸಿದುಕೊಂಡು ಮೂರನೆಯ ಸಲ ಅದ್ದಿದಳು.

"ನೀ ಇಲ್ಲದಾಗ ಆತು. ನೀ ಇಲ್ಲಂತನ ಆತು" ಎಂದಳು.

ನನ್ನ ಮುಖ ಸಣ್ಣದಾಗಿರಬೇಕು. ಆಮೇಲೆ ಮೆತ್ತಗೆ, "ಎಲ್ಲಾ ಹೋಗಿಲ್ಲ ತಂಗಿ. ಸುಳ್ಳಾಗದಷ್ಟು ಹೋಗೇತಿ" ಎಂದಳು. ಅದಕ್ಕಿಂತ ಹೆಚ್ಚು ಒಂದು ಮಾತೂ ನನಗೆ ಸಿಗಲಿಲ್ಲ.

ಮಾವನವರು ಅದಾಗಿ ನಾಲ್ಕು ವರ್ಷಕ್ಕೆ ತೀರಿಕೊಂಡರು. ಆಯಿ ಬಂದು ತಲೆದೆಸೆಯಲ್ಲಿ ಬಹಳ ಹೊತ್ತು ಕೂತಿದ್ದು ಎದ್ದುಹೋದಳು. ಅಳಲಿಲ್ಲ. ಮುಂದೆ ಗಂಡನಿಗೆ ಹಾವೇರಿಯಲ್ಲಿ ಕೆಲಸ ಸಿಕ್ಕಿ ನಾವು ಊರು ಬಿಟ್ಟೆವು. ಆಯಿಗೆ ಕಣ್ಣು ಮಂಜಾದ ಮೇಲೆ ಬ್ಯಾಡಗಿಯಲ್ಲಿದ್ದ ತಂಗಿಯ ಮಗಳು ಕರೆದುಕೊಂಡು ಹೋದಳಂತೆ. ಒಂದು ಸಲ ಹೋಗಿ ನೋಡಿಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಹಾವೇರಿಯಿಂದ ಬ್ಯಾಡಗಿಯೇನು ದೂರವಲ್ಲ... ಮಕ್ಕಳ ಪರೀಕ್ಷೆ, ಮನೆಗೆ ಬಂದವರು, ಹೀಗೇ ಹೋಯಿತು. ಮಣ್ಣಾಗಿ ಮೂರು ದಿನವಾದ ಮೇಲೆ ನನಗೆ ಸುದ್ದಿ ಬಂತು.

ಈಗ ನನಗೂ ಅರವತ್ತು ದಾಟಿದೆ. ಹೋದ ವರ್ಷ ಒಂದು ಮದುವೆಗೆಂದು ರಾಣೆಬೆನ್ನೂರಿಗೆ ಹೋದಾಗ ದೇವಾಲಯದ ಅಂಗಳದಲ್ಲಿ ನಿಂತಿದ್ದೆ. ಆಯಿಯ ಖೋಲಿಯ ಜಾಗದಲ್ಲಿ ಬೈಕು ನಿಲ್ಲಿಸುತ್ತಾರೆ. ಗುರುತಿನ ಮುಖ ಒಂದೂ ಇರಲಿಲ್ಲ. ನನಗೆ ತಿಳಿಯದೆ ಉಳಿದದ್ದು ಈ ಬದುಕಿನಲ್ಲಿ ಬೇಕಾದಷ್ಟಿದೆ, ಅದಕ್ಕೆಲ್ಲ ಈಗ ಚಡಪಡಿಸುವುದಿಲ್ಲ. ಇದೊಂದು ಮಾತ್ರ ಇನ್ನೂ ಕಾಡುತ್ತದೆ. ಇಬ್ಬರೂ ಕೂಡಿ ಒಳಗೆ ಬಂದರಲ್ಲ, ಅವತ್ತು ಮೊದಲು ಬಾಯಿ ತೆರೆದವರು ಯಾರು, ಆಯಿಯೋ, ಮಾವನವರೋ? ಹೇಳಬಲ್ಲವರು ಇಬ್ಬರೇ ಇದ್ದರು.