ಹೇಂಟೆಯ ಚಿಕ್ಕ ಎಳೆ

ಕಪ್ಪು ಕೋಳಿಮರಿಯನ್ನು ಅಂಗೈಯಲ್ಲಿ ಹಿಡಿದು ದನದ ಡಾಕ್ಟರು ಅದರ ನೆತ್ತಿ ತೋರಿಸಿದರು. ಅಲ್ಲೊಂದು ಬಿಳಿ ಚುಕ್ಕೆ. ಅವರ ಹೆಬ್ಬೆರಳಿಗೆ ಉಗುರಿರಲಿಲ್ಲ, ಯಾವುದೋ ಎಮ್ಮೆ ತುಳಿದಿತ್ತು. ಅಂಗಳದಲ್ಲಿ ಬೈಕಿನ ಎಂಜಿನ್ ಓಡುತ್ತಲೇ ಇತ್ತು.

"ಚುಕ್ಕೆ ಇದ್ರೆ ಹುಂಜ, ಇಲ್ದಿದ್ರೆ ಹೇಂಟೆ. ಪಟ್ಟೆ ಹೇಂಟೆಗೆ ಕೆಂಪು ಹುಂಜ ಬಿಟ್ರಲ್ಲ, ಅದಕ್ಕೆ. ಇಂಥ ಜೋಡಿಲಿ ತಾಯಿ ಪಟ್ಟೆ ಗಂಡುಮರಿಗೆ ಮಾತ್ರ ಹೋಗೋದು. ಮರೀಲಿ ಅದು ಚುಕ್ಕೆಯಾಗಿ ಕಾಣ್ತದೆ."

"ಅದ್ಯಾಕಂತೆ?" ಅಮ್ಮ ಕೇಳಿದಳು.

"ಹುಂಜಕ್ಕೆ ಎರಡೂ ದೊಡ್ಡ ಎಳೆ. ಹೇಂಟೆಗೆ ಒಂದು ದೊಡ್ಡದು, ಒಂದು ಚಿಕ್ಕದು. ಗಂಡು ಹೆಣ್ಣು ಮಾಡೋ ಎಳೆ, ಕ್ರೋಮೋಸೋಮ್ ಅಂತಾರೆ. ಗಂಡು ಮಾಡೋ ಜೀನು ದೊಡ್ಡದ್ರಲ್ಲೈತೆ, ಒಂದಿದ್ರೆ ಸಾಲಲ್ಲ, ಎರಡು ಬೇಕು. ಪಟ್ಟೆ ಜೀನೂ ಅದ್ರಲ್ಲೇ. ಹೇಂಟೆ ಮೊಟ್ಟೆಗೆ ಯಾವ ಎಳೆ ಕೊಡ್ತದೋ ಅದರಂಗೆ ಮರಿ, ದೊಡ್ಡದಾದ್ರೆ ಹುಂಜ, ಚಿಕ್ಕದಾದ್ರೆ ಹೇಂಟೆ."

"ಹಂಗಾರೆ ಎಲ್ಲಾ ಹೇಂಟೆದೇ ಅನ್ನಿ."

"ಹೇಂಟೆದೇ ಕಣಮ್ಮ. ಉಳಿದದ್ದು ನಾಳೆ."

"ಉಳಿದದ್ದು ನಾಳೆ" ಅವರ ಮಾಮೂಲಿ ಮಾತು. ಪಾಳ್ಯದ ಸುತ್ತಿನ ದನಕರುಗಳಿಗೆಲ್ಲ ಅವರೊಬ್ಬರೇ. ಎಲ್ಲಿ ಹೋದರೂ ಎಂಜಿನ್ ಆರಿಸುತ್ತಿರಲಿಲ್ಲ, ಮಾತು ಮುಗಿಸುತ್ತಿರಲಿಲ್ಲ. ಜನ ಹಿಂದಿನಿಂದ 'ಅರ್ಧ ಡಾಕ್ಟ್ರು' ಅನ್ನುತ್ತಿದ್ದರು. ನಮ್ಮ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿದಾಗ ಮಾತ್ರ ಅಂಗಿ ಬಿಚ್ಚಿ, ಸೆಗಣಿಯಲ್ಲೇ ಮಲಗಿ, ಕರು ಹೊರಗೆ ಬರುವವರೆಗೂ ಏಳಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಅಮ್ಮ ಶುರು ಮಾಡಿದಳು. ಅತ್ತಿಗೆಗೆ ಇಬ್ಬರು ಹೆಣ್ಣುಮಕ್ಕಳು, ಹೊಟ್ಟೆಯಲ್ಲಿದ್ದ ಮೂರನೆಯದಕ್ಕೆ ಏಳು ತಿಂಗಳು.

"ಡಾಕ್ಟ್ರೇ ಅಂದವ್ರೆ, ಎಲ್ಲಾ ಹೇಂಟೆದೇ ಅಂತೆ. ಈ ಸತಿನೂ ಹೆಣ್ಣಾದ್ರೆ ನನ್ ಮಗಂಗೆ ಇನ್ನೊಂದು ನೋಡ್ತೀನಿ."

ಅಣ್ಣ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ. ಅತ್ತಿಗೆ ಊಟ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ಮಕ್ಕಳ ಬಟ್ಟೆ ಬ್ಯಾಗಿಗೆ ತುಂಬುತ್ತಿದ್ದರು, ಮಗ್ಗೆ ಊರಿನ ತವರಿಗೆ ಹೋಗಲು. ಆ ಹೊಟ್ಟೆ ಹೊತ್ತು ಬಸ್ಸು, ಆ ಗುಂಡಿ ರಸ್ತೆ. ಒಮ್ಮೆ ಹೋದರೆ ಅಮ್ಮ ಮತ್ತೆ ಒಳಗೆ ಬಿಡುವುದಿಲ್ಲ, ಅಣ್ಣ ಬಾಯಿ ಬಿಡುವುದಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಪಾಳ್ಯಕ್ಕೇ ಹೋಗಿ ಒಂದು ಕೊಟ್ಟಿಗೆಯಲ್ಲಿ ಅವರನ್ನು ಹಿಡಿದು ನಡೆದದ್ದೆಲ್ಲ ಹೇಳಿದೆ.

"ಅಯ್ಯೋ ಮಾರಾಯ, ನಾನ್ ಹೇಳಿದ್ದು ಕೋಳಿ ವಿಷ್ಯ ಕಣೋ!" ಅಂದವರು ಕೈ ಕೂಡ ತೊಳೆಯದೆ ಬೈಕು ಹತ್ತಿದರು.

ನಾವು ಬಂದಾಗ ಅತ್ತಿಗೆ ಬ್ಯಾಗು ಹಿಡಿದು ಅಂಗಳಕ್ಕೆ ಇಳಿದಿದ್ದರು. ಡಾಕ್ಟರು ಎಂಜಿನ್ ಆರಿಸಿದರು. ಆ ಬೈಕು ಸುಮ್ಮನಾದದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅಮ್ಮನ ಎದುರು ಜಗಲಿಯ ಮೇಲೆ ಕೂತರು.

"ಅಮ್ಮ, ನಾನು ಅರ್ಧ ಹೇಳಿ ಹೋದೆ. ಮನುಷ್ಯರಲ್ಲಿ ಇದು ಉಲ್ಟಾ. ಹೆಂಗಸಿಗೆ ಎರಡೂ ದೊಡ್ಡ ಎಳೆ. ಚಿಕ್ಕದಿರೋದು ಗಂಡಸಲ್ಲಿ. ಅಪ್ಪಂದು ಚಿಕ್ಕದು ಬಂದ್ರೆ ಗಂಡು, ದೊಡ್ಡದು ಬಂದ್ರೆ ಹೆಣ್ಣು."

"ಏನ್ರೀ, ನನ್ ಮಗ ಹುಂಜಕ್ಕಿಂತ ಕಡೆಯಾ?"

"ಕಡೆ ಅಲ್ಲ. ಯಾವ ಎಳೆ ಹೋಗ್ತದೋ ಅದು ಅವನ ಕೈಲೂ ಇಲ್ಲ. ಆದ್ರೆ ಇನ್ನೊಂದು ಮದ್ವೆ ಮಾಡ್ಸಿದ್ರೂ ಎಳೆ ಇವಂದೇ ತಾನೆ?"

ಅಣ್ಣ ಜಗಲಿಯಿಂದ ಎದ್ದು ಅತ್ತಿಗೆಯ ಕೈಯಿಂದ ಬ್ಯಾಗು ತೆಗೆದುಕೊಂಡ. ಅಮ್ಮ ಒಳಗೆ ಹೋಗಿ ಪಾತ್ರೆ ಕುಕ್ಕಿದಳು. ಆದರೆ ಅತ್ತಿಗೆಗೆ ರೊಟ್ಟಿ ಹಾಕಿದಳು.

ಹೊರಡುವಾಗ ಡಾಕ್ಟರು ನನಗೆ ಹೇಳಿದರು: "ಹೇಂಟೆಯ ಆ ಚಿಕ್ಕ ಎಳೆ ಒಂದು ಕಾಲಕ್ಕೆ ದೊಡ್ಡದೇ ಇತ್ತು ಕಣೋ. ಜೀನು ಕಳ್ಕಂಡು ಕಳ್ಕಂಡು ಸವೆದೋಯ್ತು. ಅದ್ಯಾಕೆ ಅಂದ್ರೆ... ಉಳಿದದ್ದು ನಾಳೆ."

ಆ ನಾಳೆ ಬರಲಿಲ್ಲ. ಯಾರದೋ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಬೈಕು ಹೊರಗೆ ಓಡುತ್ತಲೇ ಇತ್ತಂತೆ.

ನಾವು ಅವರ ಮಣ್ಣಿಗೆ ಹೋಗಿ ಬಂದ ಎರಡು ತಿಂಗಳಿಗೆ ಅತ್ತಿಗೆಗೆ ಹೆರಿಗೆಯಾಯಿತು. ಬಾಗಿಲಿಗೆ ಬಂದವರೆಲ್ಲ "ಏನು ಮಗು?" ಅಂದರು.

"ಮಗು ಕಣ್ರೀ, ಇನ್ನೇನು ಕರುವಾ?" ಅಂದಳು ಅಮ್ಮ.

ಗಂಡೋ ಹೆಣ್ಣೋ ಅಂತ ನೀವು ಕೇಳಿದರೂ ನನ್ನದೂ ಅದೇ ಉತ್ತರ.