ನೀರು ಚೆಲ್ಲುವ ಭೀಮಶ್ಯಾನ ಹೊಂಡ

ಸಿಂದಗಿಯಲ್ಲಿ ಭೀಮಶ್ಯಾನ ಮನೆ ಯಾವುದು ಎಂದು ಕೇಳಿದರೆ, ಯಾವ ಭೀಮಶ್ಯಾ ಎಂದು ತಿರುಗಿ ಕೇಳುತ್ತಾರೆ. ನೀರು ಚೆಲ್ಲುವ ಭೀಮಶ್ಯಾ ಎಂದರೆ ಸಾಕು, ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ.

ಆರೋಗ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದ ಮನುಷ್ಯ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ ಎಲ್ಲ ಸುತ್ತಿ ಕೊನೆಗೆ ಇಲ್ಲಿಗೆ ಬಂದು, ಮನೆ ಕಟ್ಟಿಸಿ, ಇಲ್ಲೇ ನಿವೃತ್ತನಾದ. ಮನೆಮನೆಗೆ ಹೋಗಿ ಹಿತ್ತಲಿನ ಬ್ಯಾರಲ್ಲಿಗೆ ಬ್ಯಾಟರಿ ಬಿಟ್ಟು ನೋಡುವುದು, ಸೊಳ್ಳೆಮರಿ ಕಂಡರೆ ಬ್ಯಾರಲ್ಲು ಕೆಡವಿ ನೀರು ಚೆಲ್ಲುವುದು ಅವನ ಕೆಲಸ. ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಹೆಂಗಸರು ಹಿಡಿದಿಟ್ಟ ನೀರು ಚೆಲ್ಲುವುದೆಂದರೆ ಹುಡುಗಾಟವೇ? ಬೈಸಿಕೊಂಡ. ಶಾಪ ಹಾಕಿಸಿಕೊಂಡ. ಡೆಂಗಿ ಬಂದರೆ ಅಳುವವರು ನೀವೇ ಎಂದು ಹೇಳಿ ಮುಂದಿನ ಮನೆಗೆ ನಡೆದ. ತನ್ನ ಮನೆಯಲ್ಲೂ ಒಂದು ಬ್ಯಾರಲ್ಲು ಇಡಗೊಡಲಿಲ್ಲ. ಮುಚ್ಚಳ ಹಾಕಿದ ನಾಲ್ಕು ಕೊಡ, ಅಷ್ಟೇ. ಹೆಂಡತಿ ಹನಮವ್ವ ಆ ನಾಲ್ಕು ಕೊಡದಲ್ಲೇ ಮೂರು ಮಕ್ಕಳನ್ನು ಬೆಳೆಸಿದಳು.

ನೀರು ಚೆಲ್ಲುವುದರ ಜೊತೆಗೆ ಅವನಿಗೆ ಇನ್ನೊಂದು ಕೆಲಸವಿತ್ತು. ಊರೂರಿನ ಬಾವಿಗಳಿಗೆ ಗಪ್ಪಿ ಮೀನು ಬಿಡುವುದು. ಬೆರಳ ತುದಿಯಷ್ಟು ಮೀನು, ಸೊಳ್ಳೆಮರಿ ತಿಂದು ಬದುಕುವಂಥದ್ದು. ನೀರು ತುಂಬಿದ ಚೀಲವನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗು ಹಾಕಿಕೊಂಡು ಹೋಗುತ್ತಿದ್ದ. ಬಾವಿಯೊಳಗೆ ಸುರಿಯುವಾಗ ಬಣ್ಣದ ಬಾಲಗಳು ಒಮ್ಮೆ ಮಿಂಚಿ ಮಾಯವಾಗುತ್ತಿದ್ದವು. ನಿಂತು ನೋಡಲು ಪುರಸೊತ್ತೆಲ್ಲಿ? ಮುಂದಿನ ಬಾವಿ ಕಾಯುತ್ತಿತ್ತು. ನಿವೃತ್ತಿಯಾದ ಮೇಲೆ ಕೂತು ಕಣ್ಣು ತುಂಬ ನೋಡಬೇಕೆಂಬ ಒಂದೇ ಒಂದು ಆಸೆ ಅವನಲ್ಲಿ ಹಾಗೇ ಉಳಿದಿತ್ತು.

ಹಿತ್ತಲಲ್ಲಿ ಹೊಂಡ ತೋಡಿಸುತ್ತೇನೆಂದಾಗ ಹನಮವ್ವ ಹಸನು ಮಾಡುತ್ತಿದ್ದ ಜೋಳದ ಮೊರ ಕೆಳಗಿಟ್ಟಳು. "ಊರ ಮಂದಿ ನೀರೆಲ್ಲಾ ಚೆಲ್ಲಿ ಈಗ ನೀವು ನೀರ ನಿಂದರಸ್ತೀರೇನ್ರಿ? ಮಂದಿ ನಗೂದಿಲ್ಲೇನು?"

"ನಕ್ರ ನಗಲಿ ಬಿಡ," ಎಂದ ಭೀಮಶ್ಯಾ.

ಗೌಂಡಿ ಬಾಬುಲಾಲ ಬಂದು ನೆಲಕ್ಕೆ ಹಾರೆ ಹಾಕಿ ನೋಡಿದ. "ಸಾಹೇಬ್ರ, ಇದು ಎರಿಮಣ್ಣ ಐತ್ರಿ. ಬ್ಯಾಸಗ್ಯಾಗ ಬಾಯಿ ತೆಗಿತೈತಿ. ಗಟ್ಟಿ ಗರಸು ಹತ್ತೂತನ ಅಗದು, ತಳಕ್ಕ ಕಲ್ಲ ಕೂಡಸೂಣು."

"ಅಷ್ಟ ಆಳ ಆದ್ರ ತಳ ಕಾಣೂದಿಲ್ಲೋ. ನಾ ನೋಡಾಕಂತ ಮಾಡಸಾಕತ್ತೇನಿ. ಎರಡೂವರಿ ಫೂಟ ಸಾಕು."

ಬಾಬುಲಾಲ ತಲೆ ಕೆರೆದುಕೊಂಡ. ಸರ್ಕಾರಿ ನೌಕರಿ ಮಾಡಿ ಬಂದವರ ಜೊತೆ ಯಾರು ವಾದ ಮಾಡುತ್ತಾರೆ? ಎರಡೂವರೆ ಅಡಿಗೇ ನಿಲ್ಲಿಸಿ, ಇಟ್ಟಿಗೆ ಕಟ್ಟಿ, ಸಿಮೆಂಟು ಸವರಿ ಹೋದ. ಹೊಸ ಸಿಮೆಂಟಿನ ಕ್ಷಾರಕ್ಕೆ ಮೀನು ಸಾಯುತ್ತವೆಂದು ಭೀಮಶ್ಯಾನಿಗೆ ಗೊತ್ತಿತ್ತು. ಚಳಿಗಾಲವೆಲ್ಲ ನಳ ಬಂದಾಗೊಮ್ಮೆ ಹೊಂಡದ ಹಳೆಯ ನೀರು ತೆಗೆದು ಕರಿಬೇವಿನ ಗಿಡಕ್ಕೆ ಹಾಕಿ, ಮತ್ತೆ ತುಂಬಿದ. ಶಿವರಾತ್ರಿ ಹೊತ್ತಿಗೆ ಇಂಡಿ ರಸ್ತೆಯ ಬಾವಿಯೊಂದರಿಂದ ಹನ್ನೊಂದು ಗಪ್ಪಿ ತಂದು ಬಿಟ್ಟ. ಆ ಬಾವಿಗೆ ಅವುಗಳ ಅಜ್ಜ ಮುತ್ತಜ್ಜರನ್ನು ಬಿಟ್ಟವನೂ ಅವನೇ. ಉಗಾದಿಗೆ ಹನ್ನೊಂದು ಹೋಗಿ ಅರವತ್ತರ ಮೇಲಾದವು. ಭೀಮಶ್ಯಾ ಮುಂಜಾನೆ ಚಹಾದ ಕಪ್ಪು ಹಿಡಿದು ದಂಡೆಯಲ್ಲಿ ಕೂತರೆ ಏಳುತ್ತಿದ್ದದ್ದು ಬಿಸಿಲು ಬೆನ್ನು ಸುಟ್ಟಾಗ. ಅಷ್ಟು ಸುಖವನ್ನು ಅವನು ನೌಕರಿಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಹಿತ್ತಲ ಗೋಡೆಯಾಚೆ ಶೆಟ್ಟೆವ್ವನ ಮನೆ. ಹನಮವ್ವನ ಜೊತೆ ದಿನಾ ಹರಟುವ ಶೆಟ್ಟೆವ್ವ ಭೀಮಶ್ಯಾನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಮಾತು ಬಿಟ್ಟ ಆ ದಿನ ಅವಳ ಮಗಳು ಬಾಣಂತಿ, ಕೂಸಿಗೆ ಹದಿಮೂರು ದಿನ. ಶೆಟ್ಟೆವ್ವ ಎರಡು ಓಣಿ ಆಚೆಯಿಂದ ಕೊಡ ಹೊತ್ತು ಬ್ಯಾರಲ್ಲು ತುಂಬಿಸಿದ್ದಳು. ಭೀಮಶ್ಯಾ ಬಂದ, ಬ್ಯಾಟರಿ ಬಿಟ್ಟ, ಮರಿ ಕಂಡ, ಕೆಡವಿದ. ಶೆಟ್ಟೆವ್ವ ಬೈಯಲಿಲ್ಲ. ಹಿತ್ತಲ ರಾಡಿಯನ್ನು ಕಸಬಾರಿಗೆಯಿಂದ ಬಳಿಯುತ್ತ ನಿಂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಉಗಾದಿ ಮುಗಿದು ವಾರವಾಗಿರಲಿಲ್ಲ, ಹೊಂಡದ ನೀರು ಇಳಿಯತೊಡಗಿತು. ಬಿಸಿಲಿಗೆ ಆರುತ್ತಿದೆ ಎಂದು ಭೀಮಶ್ಯಾ ತನಗೆ ತಾನೇ ಹೇಳಿಕೊಂಡ. ಮೂರನೆಯ ದಿನ ಮುಂಜಾನೆ ನೋಡಿದರೆ ನೀರು ಪಾದ ಮುಳುಗುವಷ್ಟೇ ಇತ್ತು. ತಳದ ಸಿಮೆಂಟು ಈ ಮೂಲೆಯಿಂದ ಆ ಮೂಲೆಗೆ ಸೀಳಿತ್ತು. ಎರಿಮಣ್ಣು ಬಾಬುಲಾಲ ಹೇಳಿದಂತೆಯೇ ಬಾಯಿ ತೆಗೆದಿತ್ತು.

ಮೀನುಗಳನ್ನು ಬಕೆಟ್ಟಿಗೆ ತುಂಬಿದ. ಅರವತ್ತು ಮೀನು, ಒಂದು ಬಕೆಟ್ಟು, ನೆತ್ತಿ ಸುಡುವ ಬಿಸಿಲು. ಹತ್ತು ಗಂಟೆಗೆ ಏಳು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ನಳ ಬರಲು ಇನ್ನೂ ನಾಲ್ಕು ದಿನ. ಟ್ಯಾಂಕರಿನವ ನಾಡಿದ್ದು ಎಂದ. ಮನೆಯಲ್ಲಿ ಉಳಿದದ್ದು ಒಂದೂವರೆ ಕೊಡ, ಅದೂ ಕುಡಿಯಲಿಕ್ಕೆ.

"ಬ್ಯಾರಲ್ ಇಡೂಣು ಅಂತ ಮೂವತ್ತ ವರ್ಷ ಬಡಕೊಂಡೆ," ಎಂದಳು ಹನಮವ್ವ. "ಶೆಟ್ಟೆವ್ವನ ಬ್ಯಾರಲ್ ತುಂಬೈತಿ. ಹೋಗಿ ಕೇಳ್ರಿ."

"ನೀನ ಹೋಗಿ ಕೇಳ."

"ಚೆಲ್ಲಿದವರು ನಾನೇನ್ರಿ?"

ಭೀಮಶ್ಯಾ ಬಕೆಟ್ಟಿನೊಳಗೆ ನೋಡಿದ. ಎಂಟನೆಯದು ವಾಲುತ್ತಿತ್ತು. ಬಕೆಟ್ಟು ಎತ್ತಿಕೊಂಡು, ಓಣಿ ಸುತ್ತಿ, ಶೆಟ್ಟೆವ್ವನ ಅಂಗಳಕ್ಕೆ ಹೋಗಿ ನಿಂತ.

"ಯಕ್ಕಾ, ಮೀನ ಸಾಯಾಕತ್ತಾವು. ಸ್ವಲ್ಪ ನೀರ..."

ಶೆಟ್ಟೆವ್ವ ಮೊದಲು ಬಕೆಟ್ಟು ನೋಡಿದಳು, ಆಮೇಲೆ ಅವನ ಮುಖ. ಹಿತ್ತಲಿಗೆ ನಡೆದು ಬ್ಯಾರಲ್ಲಿನ ಮೇಲಿನ ಗೋಣಿತಟ್ಟು ಸರಿಸಿದಳು. ಭೀಮಶ್ಯಾ ಹಳೆಯ ಚಾಳಿಯಿಂದ ಬಗ್ಗಿ ನೋಡಿಬಿಟ್ಟ. ನೀರಿನ ತುಂಬ ಸೊಳ್ಳೆಮರಿ ಕುಣಿಯುತ್ತಿದ್ದವು.

"ಹುಳಾ ಅದಾವ್ರಿ ಸಾಹೇಬ್ರ," ಎಂದಳು ಶೆಟ್ಟೆವ್ವ. "ಚೆಲ್ಲಲೇನು?"

"ಬ್ಯಾಡ ಯಕ್ಕಾ."

"ಹಂಗಾರ ನೀರ ಯಾಕ ಒಯ್ತೀರಿ? ಮೀನನ್ನ ಇದರಾಗ ಬಿಡ್ರಿ."

ಭೀಮಶ್ಯಾ ಬಕೆಟ್ಟು ಬಗ್ಗಿಸಿದ. ಮೀನುಗಳು ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಮರಿಗಳ ಮೇಲೆ ಬಿದ್ದವು. ಎಷ್ಟೋ ದಿನ ಉಪವಾಸವಿದ್ದವರಂತೆ ತಿಂದವು. ಇಬ್ಬರೂ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ನೀರು ತಿಳಿಯಾಗುತ್ತ ಬಂತು.

"ಅವತ್ತೂ ನಿಮ್ಮ ಸೈಕಲ್ಲಿಗಿ ಮೀನಿನ ಚೀಲ ಇತ್ತು," ಎಂದಳು ಶೆಟ್ಟೆವ್ವ, ನೀರಿನಿಂದ ಕಣ್ಣು ತೆಗೆಯದೆ. "ನಮ್ಮ ಬಾಗಲಕ್ಕ ಸೈಕಲ್ ಆನಿಸಿದ್ರಿ. ನಾ ನೋಡೇನಿ. ನಾಕ ಮೀನ ಇದರಾಗ ಬಿಡಾಕ ಬರ್ತಿದ್ದಿಲ್ಲೇನ್ರಿ?"

ಮೀನು ಬಾವಿಗೆ, ಬ್ಯಾರಲ್ಲು ಚೆಲ್ಲಬೇಕು, ಹಾಗಂತ ಆದೇಶವಿತ್ತು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಮೂವತ್ತೊಂದು ವರ್ಷದಲ್ಲಿ ಕೆಡವಿದ ಬ್ಯಾರಲ್ಲುಗಳೆಲ್ಲ ಕಣ್ಣ ಮುಂದೆ ಬಂದು, ಆ ಮಾತು ಅಲ್ಲೇ ಉಳಿಯಿತು.

"ಬರ್ತಿತ್ತು ಯಕ್ಕಾ," ಎಂದ. "ಹೊಳೀಲಿಲ್ಲ. ನಂದ ತಪ್ಪ ಆತು."

ಶೆಟ್ಟೆವ್ವ ಗೋಣಿತಟ್ಟು ತೆಗೆದಿಟ್ಟು, ಗಾಳಿಯಾಡಲೆಂದು ಹಳೆಯ ಸೀರೆಯ ತೆಳು ತುಂಡನ್ನು ಬ್ಯಾರಲ್ಲಿನ ಬಾಯಿಗೆ ಕಟ್ಟಿದಳು.

"ಮುಂಜಾನೆ ಚಾ ಕುಡ್ಯಾಕ ಇಲ್ಲೇ ಬರ್ರಿ, ನಿಮ್ಮ ಮೀನ ನೋಡಾಕ," ಎಂದಳು. "ಬ್ಯಾಟರಿ ಮಾತ್ರ ತರಬ್ಯಾಡ್ರಿ."