ಕಿಟಕಿಯಿಂದ ಬಂದ ಮಗು

ಬಂಗಾರಪೇಟೆಯಲ್ಲಿ ನಾನು ಕೂತಿದ್ದ ಮಾರಿಕುಪ್ಪಂ ರೈಲಿನ ಕಿಟಕಿಯಿಂದ ಒಂದು ವಿದೇಶಿ ಮಗು ಒಳಗೆ ಬಂತು. ಸೀಟು ಹಿಡಿಯಲು ನಮ್ಮವರು ಕಿಟಕಿಯಿಂದ ಟವೆಲ್ ಹಾಕುತ್ತಾರೆ, ಮಕ್ಕಳನ್ನೂ ದಾಟಿಸುತ್ತಾರೆ. ಕಾರ್ಖಾನೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ್ದ ಆ ಮಗುವಿನ ತಂದೆಯೂ ಅದನ್ನೇ ಕಲಿತಿದ್ದ. ಒಳಗೆ ಕೂತಿದ್ದ ಗುರುತಿಲ್ಲದ ಅಜ್ಜಿಯ ಕೈಗೆ ಮಗುವನ್ನು ಕೊಟ್ಟು ಹೆಂಡತಿಯೊಂದಿಗೆ ಬಾಗಿಲಿಗೆ ಓಡಿದ. ನೂಕುನುಗ್ಗಲಿನಲ್ಲಿ ಅವರು ಹತ್ತುವ ಮೊದಲೇ ರೈಲು ಹೊರಟಿತು.

“ಕೋರಮಂಡಲ್ ಟೇಷನ್‌ಗೆ ಬಾಪ್ಪಾ, ಅಲ್ಲೇ ಇಳ್ದಿರ್ತೀನಿ!” ಎಂದು ಅಜ್ಜಿ ಕಿಟಕಿಯಿಂದ ಕೂಗಿದಳು.

ಮಾತೇನೋ ಸರಿ, ಖಾತರಿ ಏನು? ಕೋರಮಂಡಲ್‌ನಲ್ಲಿ ನಾನೂ ಅವಳ ಹಿಂದೆಯೇ ಇಳಿದು, ಕಣ್ಣಿಟ್ಟು ನಿಂತೆ. ಮಗು ಅಳು ನಿಲ್ಲಿಸಿರಲಿಲ್ಲ.

“ಅನುಮಾನಾನಾ? ಅಂಗಾದ್ರೆ ನೀನೇ ಎತ್ಕೊ ಕಣ್ಲಾ, ನಂಗೂ ಸೊಂಟ ನೋಯ್ತದೆ,” ಎಂದು ಅಜ್ಜಿ ಮಗುವನ್ನು ನನ್ನ ತೋಳಿಗೆ ಹಾಕಿದಳು.

ಆಟೊದಲ್ಲಿ ಬಂದಿಳಿದ ತಾಯಿ ಮಗುವನ್ನು ನನ್ನಿಂದ ಕಿತ್ತುಕೊಂಡಂತೆ ಎತ್ತಿಕೊಂಡಳು. ತಂದೆ ನಮ್ಮಿಬ್ಬರಿಗೂ ಕೈಮುಗಿದ.

ಗುರುತಿಲ್ಲದವರ ಕೈಗೆ ಮಗುವನ್ನು ಕೊಡಬಾರದು ಎಂದು ನಾನು ಈಗಲೂ ವಾದಿಸುತ್ತೇನೆ. ಆದರೆ ಅಂದು ಅಜ್ಜಿ ಮಗುವನ್ನು ಕೊಟ್ಟಿದ್ದು, ಹೆಸರನ್ನೂ ಕೇಳದೆ, ಗುರುತಿಲ್ಲದ ನನ್ನ ಕೈಗೇ.